ಕೈ ಕಲಿಯದ ಪಾಠ

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಪದಕವಿದೆ. ಮಗಳಿಗೆ ಬಂದದ್ದು. ಪಶುವೈದ್ಯ ಪದವಿಯಲ್ಲಿ ಪ್ರಸೂತಿ ವಿಷಯಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳೆಂದು ಕೊಟ್ಟದ್ದು. ಬಂದ ನೆಂಟರಿಗೆಲ್ಲ ಅದನ್ನು ತೋರಿಸುವುದು ನನ್ನ ಚಾಳಿ. ಹೋದ ದೀಪಾವಳಿಯಲ್ಲಿ ಹಾಗೆ ತೋರಿಸುತ್ತಿದ್ದಾಗ ಮಗಳು ಒಳಗಿನಿಂದ ಬಂದು, "ಅಮ್ಮ, ಅದನ್ನ ಪೆಟ್ಟಿಗೆಯೊಳಗೆ ಹಾಕಿಬಿಡು. ನೋಡಿದಾಗಲೆಲ್ಲ ನನಗೆ ಅತ್ತೆಯ ಕೊಟ್ಟಿಗೆ ನೆನಪಾಗುತ್ತೆ" ಎಂದಳು. ನೆಂಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಯಾರದೆಂದು ಹುಡುಕುತ್ತ ಹೋದರೆ ಮೊದಲು ಸಿಗುವುದು ನನ್ನದೇ. ಹಾಗೆಂದು ಉಳಿದವರನ್ನು ಬಿಟ್ಟುಬಿಡುವ ಇರಾದೆಯೂ ನನಗಿಲ್ಲ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಸೋಮೇಶ್ವರನ ಗುಡಿಯ ಹಿಂದಿನ ಗಲ್ಲಿಗಳಲ್ಲಿ ಆಗ ಮನೆಗೊಂದಲ್ಲದಿದ್ದರೂ ನಾಲ್ಕು ಮನೆಗೊಂದು ಹಸು ಇತ್ತು. ನಮಗೆ ಹಾಲು ಹಾಕುತ್ತಿದ್ದ ಅಜ್ಜಿ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಹಸುವಿನ ಜೊತೆ ದಿನವಿಡೀ ಮಾತಾಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಸುವಿನ ಬಾಲದ ಬುಡ ಮುಟ್ಟಿ ನೋಡಿ, "ಇವತ್ತು ರಾತ್ರಿ ಕರು ಹಾಕ್ತಾಳೆ" ಎಂದರೆ ಅದು ತಪ್ಪುತ್ತಿರಲಿಲ್ಲ. ಕಷ್ಟವಾದಾಗ ಮಾತ್ರ ದನದ ಡಾಕ್ಟರು ಬರುತ್ತಿದ್ದರು. ಅಂಗಿಯ ತೋಳನ್ನು ಭುಜದ ತನಕ ಮಡಚಿ, ಸೋಪು ಹಚ್ಚಿಕೊಂಡು ಅವರು ಕೆಲಸಕ್ಕೆ ಇಳಿದರೆ ಗಲ್ಲಿಯ ಮಕ್ಕಳೆಲ್ಲ ಕಾಂಪೌಂಡಿನ ಮೇಲೆ. ಹೆಂಗಸೊಬ್ಬಳು ಹೀಗೆ ಮಾಡಬಾರದೇಕೆ ಎಂದು ನನಗೆ ಆಗಲೇ ಅನ್ನಿಸಿತ್ತು. ನನ್ನ ಕಾಲಕ್ಕೆ ಅದು ಆಗಲಿಲ್ಲ. ಮಗಳು ಪಶುವೈದ್ಯಕ್ಕೆ ಸೇರುತ್ತೇನೆಂದಾಗ ನನ್ನಷ್ಟು ಹಿಗ್ಗಿದವರು ಯಾರೂ ಇಲ್ಲ.

ಅವಳು ಸೇರಿದ್ದು ಬೇರೆ ಊರಿನ ಕಾಲೇಜು. ಹೆಸರು ಬೇಡ. ಅಲ್ಲಿ ಆದದ್ದು ಅಲ್ಲಿ ಮಾತ್ರ ಆಗುವಂಥದ್ದೂ ಅಲ್ಲ. ಚೆನ್ನಾಗಿ ಓದಿದಳು. ನಾಲ್ಕೂವರೆ ವರ್ಷದ ಓದು ಮುಗಿದ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಭಾರತೀಯ ಪಶುವೈದ್ಯ ಪರಿಷತ್ತಿನ 2008ರ ನಿಯಮದಲ್ಲಿ ಇದು ಆರು ತಿಂಗಳಿತ್ತು. 2016ರ ನಿಯಮ ಅದನ್ನು ಒಂದು ವರ್ಷಕ್ಕೆ ಏರಿಸಿತು. ಒಳ್ಳೆಯ ನಿಯಮವೇ. ಕೆಲವು ವಾರ ಕಾಲೇಜಿನ ಆಸ್ಪತ್ರೆ, ಕೆಲವು ವಾರ ಫಾರಂ, ಕೆಲವು ವಾರ ಹೊರಗಿನ ಆಸ್ಪತ್ರೆ ಎಂದು ಮಕ್ಕಳು ತಿರುಗಬೇಕು. ಪುಸ್ತಕದಲ್ಲಿ ಓದಿದ್ದನ್ನು ಕೈಗೆ ಇಳಿಸಿಕೊಳ್ಳಬೇಕು. ಪ್ರತಿದಿನ ಏನು ಮಾಡಿದೆನೆಂದು ಲಾಗ್‌ಬುಕ್ಕಿನಲ್ಲಿ ಬರೆದು ಮೇಲಿನವರ ಸಹಿ ಹಾಕಿಸಬೇಕು.

ಹೊರಗಿನ ಪೋಸ್ಟಿಂಗ್ ಎಲ್ಲಿ ಬೇಕೆಂದು ಕೇಳಿದಾಗ ಮಗಳ ಮುಂದೆ ಎರಡು ದಾರಿ ಇದ್ದವು. ಒಂದು, ದನಕರು ಹೆಚ್ಚಿರುವ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ. ಇನ್ನೊಂದು, ಇಂದಿರಾನಗರದ ನಾಯಿ-ಬೆಕ್ಕುಗಳ ಕ್ಲಿನಿಕ್ಕು. ನಮ್ಮ ಮನೆಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ. ಮಗಳಿಗೆ ತಾಲ್ಲೂಕಿನ ಕಡೆಗೆ ಮನಸ್ಸಿತ್ತು. ಬೇಡವೆಂದವಳು ನಾನು. "ಅಲ್ಲಿ ಉಳಿಯೋದೆಲ್ಲಿ? ರಾತ್ರಿ ಹೊತ್ತು ಯಾರ ಜೊತೆ ಬೈಕಿನಲ್ಲಿ ಹೋಗ್ತೀಯ? ಇಲ್ಲಾದರೆ ಏ.ಸಿ. ಇದೆ, ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಬಹುದು" ಎಂದೆ. ಬಿಸಿ ಊಟ! ಡಾಕ್ಟರಾಗಲು ಕಳಿಸಿದ ಮಗಳಿಗೆ ನಾನು ಕೊಟ್ಟ ಕಾರಣ ಅದು.

ನಾಯಿ ಬೆಕ್ಕಿನ ವೈದ್ಯ ಕೀಳೆಂದು ಯಾರೂ ತಿಳಿಯಬಾರದು. ಅದೂ ವೈದ್ಯವೇ, ಕಷ್ಟದ್ದೇ. ನನ್ನ ತಕರಾರು ಬೇರೆ. ಆ ಎರಡು ತಿಂಗಳಲ್ಲಿ ನನ್ನ ಮಗಳು ಏನು ಮಾಡಿದಳೆಂದು ಆಮೇಲೆ ಕೇಳಿ ತಿಳಿದುಕೊಂಡೆ. ನಾಯಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತೂಕ ಬರೆದಳು. ಬಿಲ್ಲು ಮಾಡಿದಳು. ಲಸಿಕೆಯ ಕಾರ್ಡಿನಲ್ಲಿ ದಿನಾಂಕ ತುಂಬಿದಳು. ದುಡ್ಡು ಕೊಟ್ಟು ಬಂದವರಿಗೆ ದೊಡ್ಡ ಡಾಕ್ಟರೇ ಬೇಕು, ಕಲಿಯುವ ಹುಡುಗಿಯ ಕೈಗೆ ತಮ್ಮ ನಾಯಿಯ ಕಾಲು ಕೊಡುವವರು ಯಾರು? ಎರಡು ತಿಂಗಳಲ್ಲಿ ಒಂದು ಸಲವೂ ಅವಳು ರಕ್ತನಾಳಕ್ಕೆ ಸೂಜಿ ಹಾಕಲಿಲ್ಲ. ಆದರೆ ಲಾಗ್‌ಬುಕ್ಕು ತುಂಬಿತ್ತು. ಸಹಿಗಳಿದ್ದವು. ಕಾಲೇಜಿನಲ್ಲಿ ಆ ಪುಸ್ತಕ ತೆರೆದು, "ಇದನ್ನು ನೀನೇ ಮಾಡಿದೆಯಾ? ಮಾಡಿ ತೋರಿಸು" ಎಂದು ಒಬ್ಬರೂ ಕೇಳಲಿಲ್ಲ.

ಸರ್ಕಾರಿ ಆಸ್ಪತ್ರೆಯ ಸರದಿಯೂ ಬಂತು. ಅಲ್ಲಿ ದನಗಳಿದ್ದವು. ಅಲ್ಲಿ ಇನ್ನೊಂದು ಕಥೆ. ಗಂಡುಹುಡುಗರು ದನದ ಹತ್ತಿರ, ಹುಡುಗಿಯರು ರಿಜಿಸ್ಟರಿನ ಹತ್ತಿರ. "ನಿನ್ನ ಅಕ್ಷರ ಮುದ್ದಾಗಿದೆ ಕಣಮ್ಮ, ನೀನು ಬರಿ" ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರಂತೆ. ನಮಗೆಲ್ಲ ಈ ಪ್ರೀತಿ ಗೊತ್ತಿದೆ ಅಲ್ಲವೇ? ಮನೆಯಲ್ಲಿ, ಆಫೀಸಿನಲ್ಲಿ, ಸಭೆ ಸಮಾರಂಭಗಳಲ್ಲಿ ನಮ್ಮನ್ನು ಕೆಲಸದಿಂದ ದೂರ ಕೂರಿಸಿದವರೆಲ್ಲ ಹೀಗೆ ಪ್ರೀತಿಯಿಂದಲೇ ಕೂರಿಸಿದ್ದಾರೆ.

ಈಗ ಆ ರಾತ್ರಿಗೆ ಬರುತ್ತೇನೆ. 2023ರ ನವೆಂಬರ್. ನನ್ನ ನಾದಿನಿಯ ಮನೆ ಕೆ.ಆರ್. ಪುರದಿಂದ ಆಚೆಗೆ. ಸುತ್ತ ಅಪಾರ್ಟ್‌ಮೆಂಟು ಎದ್ದಿದ್ದರೂ ಅವಳ ಹಿತ್ತಿಲಲ್ಲಿ ಇನ್ನೂ ಎರಡು ಸೀಮೆಹಸು. ಡೇರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ಅವಳ ಮಗನ ಕಾಲೇಜಿನ ಫೀಸು. ರಾತ್ರಿ ಹತ್ತರ ಹೊತ್ತಿಗೆ ಫೋನು ಬಂತು. ಕಡಸು ಮೊದಲ ಕರು ಹಾಕಲಾರದೆ ಒದ್ದಾಡುತ್ತಿದೆ, ಡಾಕ್ಟರು ಊರಲ್ಲಿಲ್ಲ, "ನಮ್ಮ ಹುಡುಗಿಯನ್ನ ಕರ್ಕೊಂಡು ಬಾ ಅತ್ತಿಗೆ." ನನಗೆ ಹೆಮ್ಮೆ. ಆಟೋ ಹಿಡಿದು ಹಳೇ ಮದ್ರಾಸು ರಸ್ತೆ, ಟಿನ್ ಫ್ಯಾಕ್ಟರಿ, ತೂಗುಸೇತುವೆ ದಾಟಿ ಹೋಗುವಷ್ಟರಲ್ಲಿ ನೀರುಚೀಲ ಒಡೆದು ಎರಡು ಗಂಟೆ ಮೇಲಾಗಿತ್ತು. ಎರಡು ಮುಂಗಾಲು ಹೊರಗೆ ಕಾಣುತ್ತಿದ್ದವು. ಮೂತಿ ಕಾಣುತ್ತಿರಲಿಲ್ಲ.

ಮಗಳು ಕೈ ತೊಳೆದಳು. ಒಳಗೆ ಕೈ ಹಾಕಿದಳು. "ತಲೆ ಪಕ್ಕಕ್ಕೆ ತಿರುಗಿದೆ" ಎಂದಳು. ಸರಿಯಾಗಿಯೇ ಹೇಳಿದಳು. ಮುಂದೆ ಮಾಡಬೇಕಾದದ್ದೂ ಅವಳಿಗೆ ಬಾಯಿಪಾಠ: ಹಸು ಮುಕ್ಕದೆ ಇರುವ ಹೊತ್ತು ನೋಡಿ ಕರುವನ್ನು ಒಳಕ್ಕೆ ತಳ್ಳಬೇಕು, ಜಾಗ ಮಾಡಿಕೊಳ್ಳಬೇಕು, ಕಾಲುಗಳಿಗೆ ಹಗ್ಗ ಹಾಕಿ ಇಟ್ಟುಕೊಂಡು ದವಡೆ ಹಿಡಿದು ತಲೆಯನ್ನು ದಾರಿಗೆ ತರಬೇಕು, ಆಮೇಲೆ ಹಸು ಮುಕ್ಕಿದಾಗ ಮಾತ್ರ ಎಳೆಯಬೇಕು. ಇದನ್ನೇ ಅವಳು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದಳು. ಆದರೆ ಹಸು ಒಮ್ಮೆ ಮುಕ್ಕಿದಾಗ ಅವಳ ತೋಳು ಮೂಳೆಗೆ ಸಿಕ್ಕಿ ಮರಗಟ್ಟಿತು. ಹಾಗಾಗುತ್ತದೆಂದು ಪುಸ್ತಕ ಹೇಳಿತ್ತೋ ಏನೋ, ತೋಳಿಗೆ ಯಾರೂ ಹೇಳಿರಲಿಲ್ಲ. ಹೆದರಿ ಕೈ ಹೊರಗೆ ತೆಗೆದಳು. ಮತ್ತೆ ಹಾಕಿದಳು. ಮತ್ತೆ ತೆಗೆದಳು. ನಾದಿನಿ ಏನೂ ಮಾತಾಡಲಿಲ್ಲ. ಲಾಟೀನಿನ ಹಾಗೆ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು.

ಕೊನೆಗೆ ಮಗಳು ತನ್ನ ಸಹಪಾಠಿಯೊಬ್ಬಳಿಗೆ ಫೋನು ಮಾಡಿದಳು. ಕೋಲಾರದ ಕಡೆಯ ರೈತರ ಮನೆಯ ಹುಡುಗಿ. ಹೊಸಕೋಟೆಯ ಕಡೆ ಪೋಸ್ಟಿಂಗ್ ಹಾಕಿಸಿಕೊಂಡಿದ್ದಳು. ಒಂದೂವರೆ ಗಂಟೆಯ ನಂತರ ಅವಳು ಅಲ್ಲಿನ ಹಿರಿಯ ಡಾಕ್ಟರೊಬ್ಬರ ಜೊತೆ ಬಂದಳು. ಡಾಕ್ಟರು ಬಾಲದ ಬುಡದಲ್ಲಿ ಮರವಿನ ಸೂಜಿ ಕೊಟ್ಟರು. ಹಸು ಮುಕ್ಕುವುದು ಕಡಿಮೆಯಾಯಿತು. "ನೀನೇ ಮಾಡಮ್ಮ, ಕಡಸಿನ ದಾರಿ ಕಿರಿದು, ನನ್ನ ತೋಳು ದಪ್ಪ" ಎಂದರು. ಹತ್ತು ನಿಮಿಷದಲ್ಲಿ ಆ ಹುಡುಗಿ ತಲೆಯನ್ನು ತಿರುಗಿಸಿದಳು. ಹೆಣ್ಣುಕರು. ಸತ್ತಿತ್ತು. ಹಸು ಉಳಿಯಿತು. ಮೊದಲ ಅರ್ಧ ಗಂಟೆಯಲ್ಲಿ ಆಗಿದ್ದರೆ ಕರುವೂ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಹುಡುಗಿಯ ಅಂಕಪಟ್ಟಿಯ ವಿಷಯ ಆಮೇಲೆ ತಿಳಿಯಿತು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮ. ಪಶುವೈದ್ಯದ ಪುಸ್ತಕಗಳೆಲ್ಲ ಇಂಗ್ಲಿಷು. ಮೊದಲು ಒಂದು ವರ್ಷ ಫೇಲಾಗಿ, ಹಿಂದೆ ಬಿದ್ದು, ನನ್ನ ಮಗಳ ತರಗತಿಗೆ ಬಂದು ಸೇರಿದವಳು. ಪ್ರಸೂತಿ ವಿಷಯದಲ್ಲಿ ಹೇಗೋ ದಡ ಮುಟ್ಟಿದ್ದಳು. ಆ ರಾತ್ರಿ ಕೊಟ್ಟಿಗೆಯಲ್ಲಿ ಪದಕದವಳು ಗೋಡೆಗೆ ಒರಗಿ ನಿಂತಿದ್ದಳು, ಫೇಲಾದವಳು ನೆಲದ ಮೇಲೆ ಮಂಡಿಯೂರಿ ಕೆಲಸ ಮಾಡುತ್ತಿದ್ದಳು. ಹೇಳಿ, ನಮ್ಮ ಪರೀಕ್ಷೆ ಯಾವುದನ್ನು ಅಳೆಯಿತು? ಇಂಗ್ಲಿಷಿನಲ್ಲಿ ಬರೆಯುವ ವೇಗವನ್ನೇ ಅಥವಾ ಹಸುವನ್ನು ಉಳಿಸುವ ವಿದ್ಯೆಯನ್ನೇ?

ಓದು ಬೇಡವೆಂದು ನಾನು ಹೇಳುವವಳಲ್ಲ. ಮರವಿನ ಸೂಜಿ ಎಷ್ಟು, ಎಲ್ಲಿ ಎಂಬುದು ಓದಿದವರಿಗೇ ಗೊತ್ತು. ನಮ್ಮ ಹಾಲಿನಜ್ಜಿಗೆ ಗೊತ್ತಿರಲಿಲ್ಲ. ನಾನು ಹೇಳುವುದು ಇಷ್ಟೇ: ಓದನ್ನೂ ಕೆಲಸವನ್ನೂ ಎರಡು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟವರು ಎರಡನ್ನೂ ಕೆಡಿಸಿದರು. ನಾಲ್ಕೂವರೆ ವರ್ಷ ಅಂಕ, ಆಮೇಲೆ ಒಂದು ವರ್ಷ ಕೆಲಸ. ಕೆಲಸಕ್ಕೆ ಹೋಗುವ ಹೊತ್ತಿಗೆ ಪರೀಕ್ಷೆಗಳೆಲ್ಲ ಮುಗಿದಿರುತ್ತವೆ. ಕೊಟ್ಟಿಗೆಯಲ್ಲಿ ಕಲಿತದ್ದು ಪರೀಕ್ಷೆಗೆ ನೆರವಾಗುವಂತಿಲ್ಲ, ಪರೀಕ್ಷೆಗೆ ಓದಿದ್ದು ಕೊಟ್ಟಿಗೆಗೆ ಹೋಗುವ ಹೊತ್ತಿಗೆ ಅರ್ಧ ಮರೆತಿರುತ್ತದೆ. ಊಟವಾದ ಮೇಲೆ ಎಲೆಯ ಮೇಲೆ ಉಪ್ಪು ಬಡಿಸಿದ ಹಾಗೆ. ನಡುವೆ ಪ್ರಾಯೋಗಿಕ ತರಗತಿಗಳು ಇರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಹಸು, ಅದರ ಸುತ್ತ ಹತ್ತಾರು ಮಕ್ಕಳು. ಹಿಂದಿನ ಸಾಲಿನಲ್ಲಿ ನಿಂತ ಹುಡುಗಿಗೆ ಕಾಣುವುದು ಮುಂದಿನವರ ಬೆನ್ನು.

ಬ್ರಿಟನ್ನಿನಲ್ಲಿ ಬಹುಕಾಲ ಒಂದು ನಿಯಮವಿತ್ತು. ಪಶುವೈದ್ಯ ಓದುವವರು ಪದವಿಯ ಅವಧಿಯೊಳಗೇ, ರಜೆಯ ದಿನಗಳಲ್ಲಿ, 38 ವಾರ ಹೊರಗೆ ಕೆಲಸ ಮಾಡಬೇಕು. ಅದರಲ್ಲಿ 12 ವಾರ ದನ, ಕುರಿ, ಕುದುರೆ ಸಾಕುವವರ ಹತ್ತಿರ. ಮಿಕ್ಕ 26 ವಾರ ವೈದ್ಯರ ಹತ್ತಿರ. ಮೊದಲು ಕೊಟ್ಟಿಗೆ, ಆಮೇಲೆ ಆಸ್ಪತ್ರೆ, ನಡುನಡುವೆ ಪುಸ್ತಕ. ಎಲ್ಲಿ ಯಾವುದು ಮುಂದಿರಬೇಕೆಂಬ ವಿವೇಕ ಅದರಲ್ಲಿತ್ತು.

ನಮ್ಮ ಸರ್ಕಾರಕ್ಕೂ ಈ ವಿವೇಕ ಇಲ್ಲದಿಲ್ಲ. ಕೃಷಿಕರ ಕೋಟಾದಲ್ಲಿ ಪಶುವೈದ್ಯದ ಸೀಟು ಕೇಳುವ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ. ಹಳ್ಳಿಯ ಬದುಕಿನ ಅರಿವು ನಿಜವಾಗಿ ಇದೆಯೇ ಎಂದು ಪರೀಕ್ಷಿಸಿ ಸೀಟು ಕೊಡುತ್ತಾರೆ. ಬಾಗಿಲಿನಲ್ಲಿ ಕೈಯನ್ನು ನೋಡಿ ಒಳಗೆ ಬಿಟ್ಟವರು, ಒಳಗೆ ಹೋದ ಮೇಲೆ ಆ ಕೈಯನ್ನು ಮರೆತು ಪೆನ್ನನ್ನು ಮಾತ್ರ ನೋಡುತ್ತಾರೆ. ಇದೆಂಥ ನ್ಯಾಯ?

ಇದೇ ಬೆಂಗಳೂರಿನಲ್ಲಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದಿದ್ದ ಗಾಂಧೀಜಿ, ಆಡುಗೋಡಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಹೇಳಿಸಿಕೊಂಡರು. ಆಗ ಅವರಿಗೆ 57 ವರ್ಷ. ಗೋರಕ್ಷಣೆಯ ಬಗ್ಗೆ ಅದಕ್ಕೆ ಮುಂಚೆಯೇ ಎಷ್ಟೋ ಬರೆದಿದ್ದರು, ಮಾತಾಡಿದ್ದರು. ಆದರೂ ಕೊಟ್ಟಿಗೆಗೆ ಹೋಗಿ ಕಲಿಯುವುದು ಬಾಕಿಯಿದೆ ಎಂದು ಅವರಿಗೆ ಅನ್ನಿಸಿತು. ಅಂಥವರಿಗೆ ಅನ್ನಿಸಿದ್ದು ನಮ್ಮ ಇಪ್ಪತ್ತೆರಡರ ಮಕ್ಕಳಿಗೆ ಬೇಡವೇ?

ಕೆಲವು ಮೇಷ್ಟ್ರುಗಳು ಹೇಳುತ್ತಾರೆ: ಮಕ್ಕಳನ್ನು ನಡುವೆ ಕೆಲಸಕ್ಕೆ ಕಳಿಸಿದರೆ ಓದಿನ ಹೊತ್ತು ಹೋಗುತ್ತದೆ, ಅಂಕ ಇಳಿಯುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಬಿಲ್ಲು ಬರೆಸುವ, ನಾಯಿ ಹಿಡಿಸುವ ಪೋಸ್ಟಿಂಗ್ ಆದರೆ ಖಂಡಿತ ಹೊತ್ತು ಹಾಳು. ಅದು ಕಲಿಕೆಯಲ್ಲ, ಬಿಟ್ಟಿ ಚಾಕರಿ. ಆದರೆ ಕೈಗೆ ಕೆಲಸ ಕೊಟ್ಟು, ಪಕ್ಕದಲ್ಲಿ ನಿಂತು ತಿದ್ದುವವರು ಇದ್ದರೆ? ಆ ರಾತ್ರಿಯ ನಂತರ ನನ್ನ ಮಗಳು ಹಳೆಯ ಪ್ರಸೂತಿ ಪುಸ್ತಕವನ್ನು ಮತ್ತೆ ತೆರೆದಳು. ಪರೀಕ್ಷೆಯಿರಲಿಲ್ಲ, ಅಂಕವಿರಲಿಲ್ಲ. "ಅಮ್ಮ, ಇದನ್ನ ನಾನು ಹಿಂದೆ ಓದಿದ್ದೆನಾ ಅಂತಲೇ ಅನುಮಾನ. ಈಗ ಒಂದೊಂದು ಸಾಲೂ ತೋಳಿನಲ್ಲಿ ನೋಯುತ್ತೆ" ಎಂದಳು. ಕಂಡ ಮೇಲೆ ಓದಿದ್ದು ಮರೆಯುವುದಿಲ್ಲ. ಅಡಿಗೆಯನ್ನು ಪುಸ್ತಕದಿಂದ ಕಲಿತವರಿಗೂ ಒಲೆಯ ಮುಂದೆ ಕಲಿತವರಿಗೂ ಇರುವ ಅಂತರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು ಹೇಳುತ್ತಾರೆ. ದೊಡ್ಡ ಪ್ರಾಣಿಗಳ ಕೆಲಸಕ್ಕೆ ಹೆಣ್ಣುಮಕ್ಕಳ ಕೈಬಲ ಸಾಲದು ಎಂದು. ಕಡಸಿನ ಕಿರಿದಾದ ದಾರಿಯಲ್ಲಿ ಸಣ್ಣ ತೋಳೇ ಮೇಲೆಂದು ಆ ಹಿರಿಯ ಡಾಕ್ಟರೇ ಒಪ್ಪಿದ್ದನ್ನು ನಾನು ಕಣ್ಣಾರೆ ಕಂಡೆ. ಇದು ಹೊಸ ಮಾತೂ ಅಲ್ಲ. ಐರ್ಲೆಂಡಿನ ಅಲೀನ್ ಕಸ್ಟ್ ಎಂಬಾಕೆ ಎಡಿನ್‌ಬರೋದಲ್ಲಿ ಪಶುವೈದ್ಯ ಓದಿದಳು. 1897ರಲ್ಲಿ, ಹೆಂಗಸೆಂಬ ಒಂದೇ ಕಾರಣಕ್ಕೆ ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ಅವಳು ಊರಿಗೆ ಹೋಗಿ ರಾಸ್‌ಕಾಮನ್ ಎಂಬ ಜಿಲ್ಲೆಯಲ್ಲಿ ವರ್ಷಗಟ್ಟಲೆ ದನ ಕುದುರೆಗಳಿಗೆ ವೈದ್ಯ ಮಾಡಿದಳು. ರೈತರು ಅವಳನ್ನೇ ಹುಡುಕಿಕೊಂಡು ಬಂದರು. ಡಿಪ್ಲೊಮಾ ಕೈಗೆ ಬಂದದ್ದು 1922ರಲ್ಲಿ, 25 ವರ್ಷ ತಡವಾಗಿ. ನಮ್ಮ ದೇಶದಲ್ಲಿ ಸಕ್ಕೂಬಾಯಿ ರಾಮಚಂದ್ರನ್ ಮದ್ರಾಸಿನ ಪಶುವೈದ್ಯ ಕಾಲೇಜಿನಿಂದ ಪದವಿ ಪಡೆದದ್ದು 1952ರಲ್ಲಿ. ಅಂದು ಕೆಲಸ ಬಲ್ಲ ಹೆಂಗಸಿಗೆ ಕಾಗದ ಕೊಡಲಿಲ್ಲ. ಇಂದು ಕಾಗದವನ್ನು ಪದಕದ ಸಮೇತ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಯಾವುದು ಹೆಚ್ಚಿನ ಮೋಸವೆಂದು ನನಗೆ ತಿಳಿಯದು.

ಈಗ ನಮ್ಮ ಸರದಿ, ಗೆಳತಿಯರೇ. ಮಾಂಸ ಪರೀಕ್ಷೆ ಕಲಿಯಲು ಮಗಳು ಟ್ಯಾನರಿ ರಸ್ತೆಯ ಕಸಾಯಿಖಾನೆಗೆ ಹೋಗಬೇಕಾಗಬಹುದು ಎಂದಾಗ, "ಅಲ್ಲಿಗೆಲ್ಲ ಹೆಣ್ಣುಮಗಳು ಹೋಗೋದಾ?" ಎಂದು ನಾನು ಮೂಗು ಮುರಿದಿದ್ದೆ. ಭಾನುವಾರ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ಮಾಂಸ ತರಿಸಿಕೊಳ್ಳುವ ಮನೆ ನಮ್ಮದು. ಆ ಮಾಂಸದ ಪಿತ್ತಜನಕಾಂಗ, ಶ್ವಾಸಕೋಶ, ಗ್ರಂಥಿಗಳನ್ನು ಕೊಯ್ದು ನೋಡಿ, ಕ್ಷಯದ ಗಂಟು, ಹುಳದ ಚೀಲ ಇಲ್ಲವೆಂದು ಪಶುವೈದ್ಯರೊಬ್ಬರು ಮುದ್ರೆ ಹಾಕಬೇಕು. ಆ ವೈದ್ಯೆ ನನ್ನ ಮಗಳಾಗುವುದು ಮಾತ್ರ ಬೇಡ! ನಮ್ಮ ಮಕ್ಕಳಿಗೆ ಡಾಕ್ಟರೆಂಬ ಹೆಸರು ಬೇಕು, ಸಗಣಿ ಬೇಡ. ಕೆಲಸಕ್ಕೆ ಹೋಗುವ ಮುಂಚೆಯೇ ಅವರ ಕೈಯನ್ನು ಅರ್ಧ ಕಟ್ಟಿಹಾಕುವವರು ನಾವೇ.

ಭಯಕ್ಕೆ ಕಾರಣವಿಲ್ಲವೆಂದಲ್ಲ. ಹಸು ಕಂದು ಹಾಕುವ ಬ್ರೂಸೆಲ್ಲೋಸಿಸ್ ರೋಗ ಮಾಸು ಮುಟ್ಟಿದವರಿಗೂ ಹಸಿ ಹಾಲು ಕುಡಿದವರಿಗೂ ತಗಲುತ್ತದೆ. ತಿಂಗಳುಗಟ್ಟಲೆ ಜ್ವರ, ಕೀಲುನೋವು. ಹಳ್ಳಿಗಳಲ್ಲಿ ಕರು ಹಾಕಿಸುವ, ಹಾಲು ಕರೆಯುವ ಹೆಂಗಸರು ಬರಿಗೈಯಲ್ಲಿ ದಿನವೂ ಈ ಅಪಾಯದಲ್ಲೇ ಇದ್ದಾರೆ. ಅವರಿಗೆ ಕೈಗವಸು ಹಾಕಲು, ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಲು ಹೇಳಿಕೊಡಬೇಕಾದವರೇ ಈ ಹುಡುಗಿಯರು. ಹೆಂಗಸು ಹೇಳಿದರೆ ಹೆಂಗಸರು ಕೇಳುತ್ತಾರೆ. ಅಪಾಯವಿದೆಯೆಂದು ದೂರ ಇಟ್ಟರೆ ಅವರು ಅದನ್ನು ನಿಭಾಯಿಸಲು ಕಲಿಯುವುದು ಯಾವಾಗ?

ಆದ್ದರಿಂದ ನಾವು ಕೇಳಬೇಕಾದದ್ದು ಹತ್ತಿರದ ಪೋಸ್ಟಿಂಗ್ ಅಲ್ಲ. ದೂರದ ಪೋಸ್ಟಿಂಗಿನಲ್ಲಿ ಹುಡುಗಿಯರಿಗೆ ಬೀಗವಿರುವ ಒಂದು ಕೋಣೆ, ನೀರಿರುವ ಒಂದು ಪಾಯಿಖಾನೆ, ರಾತ್ರಿ ಕರೆ ಬಂದಾಗ ಹೋಗಿಬರಲು ಇಲಾಖೆಯ ಒಂದು ವಾಹನ. ಇವನ್ನು ಕೇಳಿದರೆ ಯಾರೂ ನಮ್ಮನ್ನು ನಗುವಂತಿಲ್ಲ. ಓದಿನ ಎರಡನೆಯ ವರ್ಷದಿಂದಲೇ ರಜೆಯಲ್ಲಿ ಕೊಟ್ಟಿಗೆಯ ಕೆಲಸ. ಲಾಗ್‌ಬುಕ್ಕಿನ ಸಹಿಯ ಬದಲು, ಹಸುವಿನ ಮುಂದೆ ನಿಲ್ಲಿಸಿ ಮಾಡಿಸಿ ನೋಡುವ ಪರೀಕ್ಷೆ. ಅದಕ್ಕೂ ಅಂಕ. ಹುಡುಗ ಎಷ್ಟು ಸಲ ಕೈ ಹಾಕಿದನೋ ಹುಡುಗಿಯೂ ಅಷ್ಟೇ ಸಲ ಹಾಕಬೇಕೆಂಬ ಲೆಕ್ಕ. ಇದಕ್ಕೆ ಹೊಸ ಕಾನೂನು ಬೇಡ. ಈಗಿರುವ ಒಂದು ವರ್ಷದ ನಿಯಮವನ್ನು ನಿಜವೆಂದು ನಂಬಿದರೆ ಸಾಕು.

ನನ್ನ ಮಗಳು ಇಂಟರ್ನ್‌ಶಿಪ್ಪಿನ ಉಳಿದ ತಿಂಗಳುಗಳನ್ನು ಆ ಕೋಲಾರದ ಹುಡುಗಿಯ ಜೊತೆ ಹಳ್ಳಿಗಳಲ್ಲಿ ಕಳೆದಳು. ಈ ಸಲ ನಾನು ಬಿಸಿ ಊಟದ ಮಾತೆತ್ತಲಿಲ್ಲ. ಈಗ ಅವಳು ದನಗಳ ಡಾಕ್ಟರೇ ಆಗಿದ್ದಾಳೆ. ರಾತ್ರಿ ಫೋನು ಬಂದರೆ ನನಗೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ. ಅದು ತಾಯಿಯ ಕರ್ಮ, ಬಿಡಿ. ನಾದಿನಿಯ ಆ ಹಸು ಮರುವರ್ಷ ತಾನಾಗಿಯೇ ಕರು ಹಾಕಿತು. ಯಾರ ಕೈಯೂ ಬೇಕಾಗಲಿಲ್ಲ. ನಾದಿನಿ ಗಿಣ್ಣು ಕಳಿಸಿದಳು. ಒಂದು ಮಾತೂ ಆಡಲಿಲ್ಲ. ಮಗಳು ಅದನ್ನು ತಿನ್ನಲಿಲ್ಲ.

ಪದಕ ಈಗ ಪೆಟ್ಟಿಗೆಯಲ್ಲಿದೆ. ನಿಮ್ಮ ಮನೆಯಲ್ಲೂ ಇಂಥ ವಿದ್ಯೆ ಕಲಿಯುವ ಮಗಳಿದ್ದರೆ, ಅವಳು ದನದ್ದಾಗಲಿ, ಮನುಷ್ಯರದ್ದಾಗಲಿ ವೈದ್ಯ ಓದುತ್ತಿದ್ದರೆ, "ಎಷ್ಟು ಅಂಕ ಬಂತು?" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಇವತ್ತು ನಿನ್ನ ಕೈ ಏನು ಮಾಡಿತು?" ಅವಳು ಸುಮ್ಮನಾದರೆ, ಆ ಮೌನವನ್ನು ಹಿಡಿದುಕೊಂಡು ಕಾಲೇಜಿಗೆ ಹೋಗಿ ಕೇಳಿ. ನಾನು ಹೋಗಲಿಲ್ಲ. ಹೋಗಬೇಕಿತ್ತು.